ಎಸಳು ಐದು, ತೂತು ನಾಲ್ಕು

ಫಸ್ಟ್ ಪಿಯುಸಿ ಬಯಾಲಜಿಯಲ್ಲಿ ಅನಿಮಲ್ ಕಿಂಗ್‌ಡಮ್ ಪಾಠ ಓದಿದೋರಿಗೆ ನೆನಪಿರುತ್ತೆ, ಎಕೈನೋಡರ್ಮೇಟಾ ಅನ್ನೋ ಗುಂಪು ಬಂದಾಗ ಐದು ಎಕ್ಸಾಂಪಲ್ ಕೊಟ್ಟಿರ್ತಾರೆ. ಆಸ್ಟೀರಿಯಾಸ್, ಎಕೈನಸ್, ಆಂಟಿಡಾನ್, ಕುಕುಮೇರಿಯ, ಒಫಿಯೂರ. ಅಂದ್ರೆ ನಕ್ಷತ್ರ ಮೀನು, ಸೀ ಅರ್ಚಿನ್, ಸೀ ಲಿಲ್ಲಿ, ಸಮುದ್ರ ಸೌತೆ, ಬ್ರಿಟಲ್ ಸ್ಟಾರ್. ಜೊತೆಗೆ ಒಂದು ಸಾಲು ಇರುತ್ತೆ, ದೊಡ್ಡವಾದ ಮೇಲೆ ರೇಡಿಯಲ್ ಸಿಮೆಟ್ರಿ (ಚಕ್ರದಂಗೆ ನಡುವಿನಿಂದ ಸುತ್ತಲೂ ಒಂದೇ ಥರ), ಲಾರ್ವಾ, ಅಂದ್ರೆ ಮೊಟ್ಟೆಯಿಂದ ಬಂದ ಮೊದಲ ರೂಪದಲ್ಲಿ ಇದ್ದಾಗ ಬೈಲ್ಯಾಟರಲ್ (ಎಡ ಬಲ ಸರಿಸಮ) ಅಂತ. ದಾವಣಗೆರೆಯಲ್ಲಿ ಈಗ ಬೀದಿಗೊಬ್ರಾದ್ರೂ ನೀಟ್ ಓದ್ತಿರ್ತಾರೆ, ಆ ಹುಡುಗ್ರು ಈ ಸಾಲಿಗೆ ಹೈಲೈಟರ್ ಹಚ್ಚಿ ಮುಂದಿನ ಪೇಜಿಗೆ ಹೋಗಿಬಿಡ್ತಾರೆ, ಅವರಿಗೆ ನಿಂತು ನೋಡೋಕೆ ಟೈಮಿಲ್ಲ, ಪಾಠ ಮಾಡೋ ನಮಗೂ ಪೋರ್ಷನ್ ಮುಗಿಸೋ ಅವಸರ.

ಆ ಲಿಸ್ಟ್ ಮೇಲೆ ನಂದೊಂದು ತಕರಾರು ಐತೆ. ಚಿಪ್ಪಿನ ಮೇಲೆಲ್ಲ ಮುಳ್ಳಿರೋ ಈ ಪ್ರಾಣಿಗಳಿಗೆ ಸೀ ಅರ್ಚಿನ್ ಅಂತ ಒಂದೇ ಹೆಸರು ಹಾಕಿ ಕೈ ತೊಳ್ಕೊಂಡಿದಾರೆ. ಜಗತ್ತಲ್ಲಿ ಈಗ ಬದುಕಿರೋ ಸೀ ಅರ್ಚಿನ್ ಜಾತಿಗಳು ಸುಮಾರು 1000, ಅದರಲ್ಲಿ ಹತ್ರತ್ರ ಅರ್ಧದಷ್ಟು ಈ ರೇಡಿಯಲ್ ಅನ್ನೋ ರೂಲಿಗೆ ಸರಿಯಾಗಿ ಕೂರೋದೇ ಇಲ್ಲ. ಅವನ್ನ ಇರ್ರೆಗ್ಯುಲರ್ ಅರ್ಚಿನ್ ಅಂತಾರೆ. ಸ್ಯಾಂಡ್ ಡಾಲರ್, ಸೀ ಬಿಸ್ಕೆಟ್, ಹಾರ್ಟ್ ಅರ್ಚಿನ್ ಎಲ್ಲ ಆ ಪೈಕಿ. ಅದರಲ್ಲೂ ನಾಣ್ಯದಂಗೆ ದುಂಡಗೆ ಚಪ್ಪಟೆಯಾಗಿರೋ ಸ್ಯಾಂಡ್ ಡಾಲರ್ ಒಂದನ್ನ ಕ್ಲಾಸಿಗೆ ತಂದು ಟೇಬಲ್ ಮೇಲಿಟ್ರೆ ಸಾಕು, ಇಡೀ ಗುಂಪಿನ ಕತೆಯನ್ನ ಅದರ ಮೈಮೇಲೇ ಬೆರಳಿಟ್ಟು ತೋರಿಸಬಹುದು, ಫಾರ್ಮಲಿನ್ ಬಾಟಲಿಯಲ್ಲಿ ಬೆಳ್ಳಗಾಗಿ ಮುದುಡಿಕೊಂಡಿರೋ ನಕ್ಷತ್ರ ಮೀನಿಗಿಂತ ನೂರು ಪಾಲು ವಾಸಿ.

ನಮ್ಮ ಲ್ಯಾಬಿಗೆ ಸ್ಯಾಂಡ್ ಡಾಲರ್ ಬಂದಿದ್ದು ನಮ್ಮ ದೊಡ್ಡಮ್ಮನ ಕಡೆಯಿಂದ. ಅವರು ಊರಿನವರ ಜೊತೆ ಬಸ್ ಮಾಡ್ಕೊಂಡು ರಾಮೇಶ್ವರಕ್ಕೆ ಹೋಗಿದ್ರು, ಅಲ್ಲಿ ಶಂಖ ಕವಡೆ ಮಾರೋರ ಹತ್ರ ಇದನ್ನ ನೋಡಿ, ಮೇಲೆ ಹೂವಿನ ಚಿತ್ರ ಐತೆ, ಯಾರೂ ಕೆತ್ತಿಲ್ಲ, ತಾನಾಗೇ ಮೂಡೈತೆ ಅಂತ ಗೊತ್ತಾಗಿದ್ದೇ ತಗೊಂಡು ಸೆರಗಲ್ಲಿ ಸುತ್ತಿಕೊಂಡು ಬಂದು ದೇವರ ಗೂಡಿನಲ್ಲಿಟ್ಟುಬಿಟ್ರು. ದಿನಾ ಅದಕ್ಕೂ ಅರಿಶಿನ ಕುಂಕುಮ. ನಾನು ಹಬ್ಬಕ್ಕೆ ಹೋದಾಗ ನೋಡಿ, ದೊಡ್ಡಮ್ಮ ಇದನ್ನ ಸ್ವಲ್ಪ ದಿನ ಕೊಡಿ, ಹುಡುಗ್ರಿಗೆ ತೋರಿಸ್ತೀನಿ ಅಂದೆ. "ಒಯ್ಯೇ ತಾಯಿ, ಆದ್ರೆ ಮೈಲಿಗೆ ಮಾಡಬ್ಯಾಡ" ಅಂದ್ರು. ಲ್ಯಾಬಲ್ಲಿ ಕಪ್ಪೆ ಪಕ್ಕದಲ್ಲಿ ಇಡ್ತೀನಿ ಅಂತ ಹೇಳೋ ಧೈರ್ಯ ನನಗೆ ಬರಲಿಲ್ಲ.

ಆ ಕುಂಕುಮ ಒಂದು ಉಪಕಾರ ಮಾಡಿತ್ತು. ಸ್ಯಾಂಡ್ ಡಾಲರಿನ ಚಿಪ್ಪು ಒಣಗಿದ ಮೇಲೆ ಪೂರ್ತಿ ಬಿಳಿ, ನಿಪ್ಪಟ್ಟಿನಷ್ಟು ತೆಳು, ಅದರ ಮೇಲಿರೋ ಸೂಕ್ಷ್ಮ ರಂಧ್ರಗಳು ಬರಿಗಣ್ಣಿಗೆ ಸರಿಯಾಗಿ ಕಾಣಲ್ಲ. ಇದರಲ್ಲಿ ಕೆಂಪು ಪುಡಿ ಒಂದೊಂದು ರಂಧ್ರದಲ್ಲೂ ಕೂತುಬಿಟ್ಟಿತ್ತು. ಲೆನ್ಸ್ ಇಟ್ಟು ನೋಡಿದ್ರೆ ಐದು ಎಸಳಿನ ಅಂಚಿನುದ್ದಕ್ಕೂ ಜೋಡಿ ಜೋಡಿ ಕೆಂಪು ಚುಕ್ಕಿ. ಒಂದು ಜೋಡಿ ಅಂದ್ರೆ ಒಂದು ಟ್ಯೂಬ್ ಫೂಟ್. ಜೀವ ಇದ್ದಾಗ ಅಲ್ಲಿಂದ ತೆಳ್ಳನೆ ಚರ್ಮದ ಒಂದು ಕೊಳವೆ ಆಚೆ ಬಂದಿರುತ್ತೆ, ಒಳಗಿನ ದ್ರವ ಒಂದು ರಂಧ್ರದಿಂದ ಮೇಲೆ ಹೋಗಿ ಸಮುದ್ರದ ನೀರಿನಿಂದ ಆಕ್ಸಿಜನ್ ತಗೊಂಡು ಇನ್ನೊಂದು ರಂಧ್ರದಿಂದ ವಾಪಸ್ ಇಳಿಯುತ್ತೆ. ಹೂವು ಅಂತ ದೊಡ್ಡಮ್ಮ ಪೂಜೆ ಮಾಡಿದ್ದು ಆ ಪ್ರಾಣಿ ಉಸಿರಾಡೋ ಜಾಗಕ್ಕೆ.

ಎಸಳುಗಳೆಲ್ಲ ಸೇರೋ ನಡುಮಧ್ಯದಲ್ಲಿ ಇನ್ನೊಂದಿಷ್ಟು ಚುಕ್ಕಿ, ಎಸಳಿನ ರಂಧ್ರಗಳಿಗಿಂತ ಕಣ್ಣಿಗೆ ಹೊಡೆದು ಕಾಣೋವು. ಮುಂದಿನ ಬೆಂಚಲ್ಲಿ ಕೂರೋ ಹುಡುಗಿ ಒಬ್ಳು, ಮಾತು ಕಮ್ಮಿ, ಲೆನ್ಸ್ ಕೈಗೆ ಸಿಕ್ರೆ ಬಿಡಲ್ಲ, ಬಹಳ ಹೊತ್ತು ನೋಡಿ ಕೇಳಿದ್ಲು, "ಮೇಡಂ, ಎಸಳು ಐದು ಐತೆ, ನಡುವೆ ತೂತು ಮಾತ್ರ ನಾಲ್ಕೇ ಐತಲ್ಲ, ಇನ್ನೊಂದು ಮುಚ್ಚಿಕೊಂಡೈತಾ?"

ಮುಚ್ಚಿಕೊಂಡಿಲ್ಲ, ಐದನೇದು ಇಲ್ಲವೇ ಇಲ್ಲ. ಯಾಕಿಲ್ಲ ಅಂತ ಹೇಳಬೇಕು ಅಂದ್ರೆ ಮಾಮೂಲಿ ಸೀ ಅರ್ಚಿನ್‌ನಿಂದ ಶುರು ಮಾಡಬೇಕು. ಬಂಡೆ ಮೇಲೆ ಮುಳ್ಳು ಮುಳ್ಳಾಗಿ ಕೂತಿರುತ್ತಲ್ಲ, ಅದಕ್ಕೆ ಬಾಯಿ ಕೆಳಗೆ, ಗುದದ್ವಾರ ನೆತ್ತಿ ಮೇಲೆ. ನೆತ್ತಿಯ ಆ ದ್ವಾರದ ಸುತ್ತ ಐದು ಪ್ಲೇಟು, ಒಂದೊಂದು ಪ್ಲೇಟಿಗೂ ಒಂದು ರಂಧ್ರ, ಮೊಟ್ಟೆ ಅಥವಾ ವೀರ್ಯ ಆಚೆ ಬರೋದು ಅಲ್ಲಿಂದ. ಬಂಡೆ ಮೇಲಿನ ಪಾಚಿ ಎಲ್ಲಾ ದಿಕ್ಕಲ್ಲೂ ಐತೆ, ಅರ್ಚಿನ್ ಯಾವ ಕಡೆಗಾದ್ರೂ ಹೊರಡಬಹುದು, ಅದಕ್ಕೆ ಮುಂದೆ ಹಿಂದೆ ಅನ್ನೋದೇ ಬೇಕಿಲ್ಲ. ಹೊಲಸು ನೆತ್ತಿ ಮೇಲೆ ಬಿದ್ರೂ ನೀರು ತೊಳ್ಕೊಂಡು ಹೋಗುತ್ತೆ.

ಅದೇ ಪ್ರಾಣಿ ಮರಳೊಳಗೆ ಹೂತುಕೊಂಡು ಬದುಕೋಕೆ ಶುರು ಮಾಡಿದ್ರೆ ಲೆಕ್ಕ ಎಲ್ಲ ಬದಲಾಗುತ್ತೆ. ಮರಳು ಸರಿಸಿಕೊಂಡು ಹೋಗಬೇಕು ಅಂದ್ರೆ ಒಂದೇ ದಿಕ್ಕಿಗೆ ಹೋಗೋದು ಸಲೀಸು, ನೆತ್ತಿ ಮೇಲೆ ಮರಳು ಮುಚ್ಚಿರುವಾಗ ಹೊಲಸು ಅಲ್ಲೇ ಹಾಕಿದ್ರೆ ಉಸಿರಾಡೋ ಜಾಗಕ್ಕೇ ಸಂಚಕಾರ. ಸುಮಾರು 19 ಕೋಟಿ ವರ್ಷದ ಹಿಂದೆ, ಜುರಾಸಿಕ್ ಕಾಲದಲ್ಲಿ, ಕೆಲವು ಅರ್ಚಿನ್‌ಗಳಲ್ಲಿ ಈ ಗುದದ್ವಾರ ನೆತ್ತಿ ಬಿಟ್ಟು ಹಿಂದಕ್ಕೆ ಸರಿಯೋಕೆ ಶುರುವಾಯ್ತು, ತಲೆಮಾರುಗಳು ಕಳೀತಾ ಕಳೀತಾ ಹಿಂದಿನ ಅಂಚಿನವರೆಗೂ ಬಂತು, ಕೆಲವದರಲ್ಲಿ ಅಂಚು ದಾಟಿ ಹೊಟ್ಟೆ ಕೆಳಗೂ ಬಂತು. ಅದು ಸರಿದು ಹೋದ ದಾರಿಯಲ್ಲೇ ಹಿಂದಿನ ಪ್ಲೇಟು ಕೂತಿದ್ದು, ಆ ಗಲಾಟೆಯಲ್ಲಿ ಅದರ ರಂಧ್ರ ಹೋಯ್ತು, ರಂಧ್ರದ ಜೊತೆ ಅಲ್ಲಿ ಮೊಟ್ಟೆ ಅಥವಾ ವೀರ್ಯ ಮಾಡೋ ಅಂಗಾನೂ ಹೋಯ್ತು. ರಾಮೇಶ್ವರದ ಈ ಸ್ಯಾಂಡ್ ಡಾಲರ್ ಎಕೈನೋಡಿಸ್ಕಸ್ ಕುಲದ್ದು, ಅದಕ್ಕೆ ನಾಲ್ಕೇ. ಉತ್ತರ ಕೇಳಿ ಆ ಹುಡುಗಿ ಮತ್ತೆ ಲೆನ್ಸ್ ಇಟ್ಟು ನೋಡಿದ್ಲು, "ಹಂಗಾದ್ರೆ ತೂತು ಇಲ್ಲದ ಕಡೆಯೇ ಹಿಂದು" ಅಂದ್ಲು. ಪುಸ್ತಕದಲ್ಲಿ ಇದು ಇಲ್ಲ, ಎಂಟ್ರೆನ್ಸಿಗೂ ಬರಲ್ಲ, ಆದ್ರೆ ಪಾಠ ಮಾಡೋರಿಗೆ ಇಂಥ ಮಾತು ಕೇಳಿದ ದಿನ ಊಟ ರುಚಿಸುತ್ತೆ.

ತಿರುಗಿಸಿ ಹಿಡಿದ್ರೆ ಕೆಳಗಡೆ ನಡುವೆ ಬಾಯಿ, ಅದರಿಂದ ಹಿಂದಿನ ಅಂಚಿನ ಕಡೆಗೆ ಇನ್ನೊಂದು ಸಣ್ಣ ತೂತು, ಅದೇ ಗುದದ್ವಾರ. ಬಾಯಿಂದ ಹೊರಟ ಗೆರೆಗಳು ಕವಲಾಗುತ್ತಾ ಅಂಚಿನ ಕಡೆ ಹೋಗ್ತವೆ, ಅವು ಊಟ ಸಾಗಿಸೋ ಕಾಲುವೆಗಳು. ಕಿವಿ ಹತ್ರ ಹಿಡಿದು ಮೆಲ್ಲಗೆ ಅಲ್ಲಾಡಿಸಿದ್ರೆ ಒಳಗೆ ಏನೋ ಟಕಟಕ ಅನ್ನುತ್ತೆ, ಹುಡುಗ್ರು ಒಬ್ಬರ ಕೈಯಿಂದ ಒಬ್ಬರು ಕಿತ್ಕೊಂಡು ಅಲ್ಲಾಡಿಸ್ತಿದ್ರೆ ನಾನು ಎದೆ ಮೇಲೆ ಕೈ ಇಟ್ಕೊಂಡು ನಿಂತಿದ್ದೆ, ದೊಡ್ಡಮ್ಮನಿಗೆ ಏನು ಹೇಳೋದು ಒಡೆದ್ರೆ. ಆ ಸದ್ದು ಅದರ ದವಡೆಯದು. ಸೀ ಅರ್ಚಿನ್‌ಗಳಿಗೆ ಐದು ಹಲ್ಲಿನ ಒಂದು ದವಡೆ ಇರುತ್ತೆ, ಅರಿಸ್ಟಾಟಲ್ಸ್ ಲ್ಯಾಂಟರ್ನ್ ಅಂತಾರೆ, ಅರಿಸ್ಟಾಟಲ್ಲೇ ಅದನ್ನ ವರ್ಣಿಸಿ ಬರೆದಿದ್ದ. ಹಾರ್ಟ್ ಅರ್ಚಿನ್‌ಗಳು ಮರಳಿಗೆ ಇಳಿದ ಮೇಲೆ ಈ ದವಡೆಯನ್ನ ಪೂರ್ತಿ ಬಿಟ್ಟುಬಿಟ್ವು, ಸ್ಯಾಂಡ್ ಡಾಲರ್ ಮತ್ತು ಸೀ ಬಿಸ್ಕೆಟ್ ಮಾತ್ರ ಇಟ್ಕೊಂಡವು, ಆದ್ರೆ ಪಾಚಿ ಕೆರೆಯೋಕಲ್ಲ, ಮರಳಿನ ಸಣ್ಣ ಸಣ್ಣ ಕಣ ಪುಡಿ ಮಾಡೋಕೆ.

ಬದುಕಿರೋ ಸ್ಯಾಂಡ್ ಡಾಲರ್ ಬಿಳಿ ಇರಲ್ಲ. ಕಂದು, ನೇರಳೆ, ಬೂದು ಬಣ್ಣ, ಮೈ ತುಂಬ ಒತ್ತೊತ್ತಾಗಿ ಗಿಡ್ಡ ಮುಳ್ಳು, ಮುಟ್ಟಿದ್ರೆ ಚುಚ್ಚೋದಿಲ್ಲ, ಮೆತ್ತಗೇ ಇರುತ್ತೆ. ಕೆಳಗಿನ ಮುಳ್ಳುಗಳು ಸಾಲಾಗಿ ಒಂದಾದ ಮೇಲೊಂದು ಆಡ್ತಾ ಇಡೀ ಪ್ರಾಣಿಯನ್ನ ಮುಂದಕ್ಕೆ ತಳ್ತವೆ. ಊಟ ಮಾಡೋ ವಿಷಯದಲ್ಲಿ ವಿಜ್ಞಾನಿಗಳ ನಡುವೆನೇ ಜಗಳ ಇತ್ತು. ಮರಳು ಮೇಲಿಂದ ಹರಿದು ಹೋಗುವಾಗ ಸಣ್ಣ ಕಣ ಮಾತ್ರ ಮುಳ್ಳಿನ ಸಂದಿಯಿಂದ ಕೆಳಗೆ ಇಳಿಯುತ್ತೆ, ಮುಳ್ಳು ಜರಡಿ ಹಿಡಿಯುತ್ತೆ ಅಂತ ಮೊದಲು ಅನ್ಕೊಂಡಿದ್ರು. 1985ರಲ್ಲಿ ಮಾಲ್ಕಮ್ ಟೆಲ್ಫೋರ್ಡ್ ಮತ್ತು ಜೊತೆಗಾರರು ಗಮನವಿಟ್ಟು ನೋಡಿ, ಇಲ್ಲಪ್ಪ, ಕೆಳಗಿರೋ ಟ್ಯೂಬ್ ಫೀಟ್‌ಗಳೇ ಕಣ ಆರಿಸಿ ಎತ್ತಿ ಕಾಲುವೆಗೆ ಸಾಗಿಸ್ತವೆ ಅಂತ ತೋರಿಸಿದ್ರು. ನನಗೆ ಈ ಎರಡನೇದೇ ಇಷ್ಟ, ಸಾವಿರಾರು ಪುಟ್ಟ ಕಾಲುಗಳು ಕಾಳು ಆರಿಸ್ತಾ ಕೂತಿರೋದು.

ಹಿಂಭಾಗದಲ್ಲಿರೋ ಎರಡು ಸೀಳಿನ ಬಗ್ಗೆ ಹೇಳಲೇ ಇಲ್ಲ. ಎಕೈನೋಡಿಸ್ಕಸ್‌ಗೆ ಹಿಂದೆ ಎಡಕ್ಕೊಂದು ಬಲಕ್ಕೊಂದು ಉದ್ದನೆ ಕಿಂಡಿ, ಆರಪಾರ ಕಾಣುತ್ತೆ, ಬೆಳಕಿಗೆ ಹಿಡಿದ್ರೆ ಆಚೆ ನಿಂತೋರು ಕಾಣ್ತಾರೆ. ಇದಕ್ಕೆ ಲೂನ್ಯೂಲ್ ಅಂತಾರೆ. ಅದರ ಬೈಸ್ಪರ್ಫೊರೇಟಸ್ ಜಾತಿಯಲ್ಲಿ ಕಿಂಡಿ ಸುತ್ತಲೂ ಮುಚ್ಚಿರುತ್ತೆ, ಆರಿಟಸ್‌ನಲ್ಲಿ ಅಂಚಿನ ಕಡೆ ತೆರೆದೇ ಇರುತ್ತೆ, ಯಾರೋ ಕತ್ತರಿ ಹಾಕಿದಂಗೆ. ಅಮೆರಿಕದ ಮೆಲಿಟಾ ಅನ್ನೋದಕ್ಕೆ ಐದು, ಲಿಯೋಡಿಯಾಕ್ಕೆ ಆರು. ಒಂದು ಪ್ರಾಣಿ ತನ್ನ ಚಿಪ್ಪಿಗೆ ತಾನೇ ಯಾಕೆ ತೂತು ಮಾಡ್ಕೊಳ್ಳುತ್ತೆ? ಚಪ್ಪಟೆ ಚಿಪ್ಪಿನ ಮೇಲೆ ಅಲೆಯ ನೀರು ಜೋರಾಗಿ ಹರಿದ್ರೆ ಮೇಲ್ಗಡೆ ಒತ್ತಡ ಕಮ್ಮಿಯಾಗಿ ಚಿಪ್ಪು ಎದ್ದು ಹಾರಿ ಹೋಗೋ ಸಂಭವ ಐತೆ, ಮಳೆಗಾಲದ ಮುಂಚಿನ ಗಾಳಿಗೆ ನಮ್ಮ ಕಡೆ ತಗಡಿನ ಶೀಟು ಎದ್ದು ಹೋಗೋದೂ ಇದೇ ಕಾರಣಕ್ಕೆ. ಕಿಂಡಿ ಇದ್ರೆ ಕೆಳಗಿನ ಒತ್ತಡ ಅಲ್ಲಿಂದ ಮೇಲಕ್ಕೆ ಬಿಟ್ಟುಹೋಗುತ್ತೆ, ಎದ್ದೇಳಲ್ಲ. 1981ರಲ್ಲಿ ಇದನ್ನ ವಾದ ಮಾಡಿದ್ದೂ ಅದೇ ಟೆಲ್ಫೋರ್ಡ್. ಊಟದ ಕಣ ಮೇಲಿಂದ ಕೆಳಗೆ ಬೇಗ ತಲುಪೋಕೆ ಅನ್ನೋರೂ ಇದಾರೆ, ಬೇಗ ಹೂತುಕೊಳ್ಳೋಕೆ ಅನ್ನೋರೂ ಇದಾರೆ. ಎಲ್ಲಾದಕ್ಕೂ ಆಗಬಾರದು ಅಂತ ಏನಿಲ್ಲ.

ಇವುಗಳಲ್ಲಿ ಅತಿ ತಲೆಹರಟೆ ಅಂದ್ರೆ ಡೆಂಡ್ರಾಸ್ಟರ್ ಎಕ್ಸೆಂಟ್ರಿಕಸ್, ಉತ್ತರ ಅಮೆರಿಕದ ಪಶ್ಚಿಮ ಕರಾವಳಿದು. ಹೂವು ನಡುವೆ ಇರಲ್ಲ, ಹಿಂದಕ್ಕೆ ಸರಿದಿರುತ್ತೆ. ನೀರು ಶಾಂತವಾಗಿದ್ರೆ ಅದು ಮಲಗೋದಿಲ್ಲ, ಮುಂದಿನ ಅಂಚನ್ನ ಮರಳಲ್ಲಿ ಊರಿ ಓರೆಯಾಗಿ ಎದ್ದು ನಿಲ್ಲುತ್ತೆ, ನೂರಾರು ಒಟ್ಟಿಗೆ, ನೀರಲ್ಲಿ ತೇಲಿ ಬಂದಿದ್ದನ್ನ ಹಿಡಿದು ತಿನ್ನುತ್ತೆ. ನೀರು ಜೋರಾದ್ರೆ ಮಲಗಿಬಿಡುತ್ತೆ. ಮರಿ ಇದ್ದಾಗ ಇನ್ನೂ ಮಜಾ, ಹಗುರ ಇರುತ್ತಲ್ಲ, ಅಲೆ ಎತ್ತಿಕೊಂಡು ಹೋಗಬಾರದು ಅಂತ ಮರಳಲ್ಲಿ ಭಾರದ ಕಣ, ಅಂದ್ರೆ ಮ್ಯಾಗ್ನಟೈಟ್ ಥರದ ಕಬ್ಬಿಣದ ಕಣಗಳನ್ನೇ ಆರಿಸಿ ನುಂಗಿ ಕರುಳಿನ ಒಂದು ಚೀಲದಲ್ಲಿ ತುಂಬಿಸಿಕೊಂಡಿರುತ್ತೆ, 1973ರಲ್ಲೇ ಈ ವಿಷಯ ಪ್ರಕಟ ಆಗೈತೆ. ಬೆಳೆದು ಮೈಗೆ ತೂಕ ಬಂದ ಮೇಲೆ ಅದು ಬೇಕಾಗಲ್ಲ. ಅದಕ್ಕೂ ಮುಂಚೆ ಲಾರ್ವಾ ಆಗಿ ತೇಲ್ತಿರುವಾಗ, ಹತ್ರದಲ್ಲಿ ಮೀನಿನ ಲೋಳೆ ವಾಸನೆ ಬಂದ್ರೆ ಅದು ತನ್ನನ್ನೇ ಎರಡು ಮಾಡ್ಕೊಳ್ಳುತ್ತೆ, ಕ್ಲೋನ್. ಮೀನು ಕಣ್ಣಿಗೆ ಬಿದ್ದು ಹೋಗೋ ಸೈಜಿಗಿಂತ ಚಿಕ್ಕದಾಗಿಬಿಟ್ರೆ ಬಚಾವ್. ಇದು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿದ್ದು. ಈ ಲಾರ್ವಾಗೆ ಎಡ ಬಲ ಸರಿಸಮ, ಮುಂದೆ ದೊಡ್ಡದಾಗೋ ಪ್ರಾಣಿ ಅದರ ಹೊಟ್ಟೆಯ ಎಡಗಡೆ ಒಂದು ಮೊಳಕೆಯಾಗಿ ಶುರುವಾಗುತ್ತೆ, ಐದರ ಲೆಕ್ಕದಲ್ಲಿ ದುಂಡಗೆ. ಆಮೇಲೆ ಆ ದುಂಡನೇದು ಮರಳಿಗೆ ಇಳಿದು ಮತ್ತೆ ಮುಂದು ಹಿಂದು, ಎಡ ಬಲ ಅಂತ ಮಾಡ್ಕೊಳ್ಳುತ್ತೆ. ಪುಸ್ತಕದ ಆ ಒಂದು ಸಾಲು ಇದರ ಅರ್ಧ ದಾರಿಗೆ ನಿಂತುಬಿಡುತ್ತೆ.

ಸೀ ಬಿಸ್ಕೆಟ್ ಅಂದ್ರೆ ಕ್ಲೈಪಿಯಾಸ್ಟರ್. ಸ್ಯಾಂಡ್ ಡಾಲರಿನಷ್ಟು ತೆಳು ಅಲ್ಲ, ದಪ್ಪ, ಕೆಲವು ಗುಡ್ಡೆಯಾಗಿ ಉಬ್ಬಿರ್ತವೆ, ಚಿಪ್ಪಿನ ಒಳಗೆ ಮೇಲಿಂದ ಕೆಳಗೆ ಕಂಬಗಳು ಇರ್ತವೆ, ಕಿಂಡಿ ಗಿಂಡಿ ಇಲ್ಲ. ಇದರಲ್ಲಿ ನಡುವೆ ತೂತು ಐದೂ ಇರ್ತವೆ, ಹೋದ ಐದನೇದು ಹೆಂಗೋ ವಾಪಸ್ ಬಂದೈತೆ. 1835ರಲ್ಲಿ ವಿಜ್ಞಾನಿ ಲೂಯಿ ಅಗಾಸಿ ಕ್ಲೈಪಿಯಾಸ್ಟರಾಯ್ಡ ಅಂತ ಹೆಸರು ಕೊಟ್ಟ ಗುಂಪು ಐತಲ್ಲ, ಅದರಲ್ಲಿ ಸ್ಯಾಂಡ್ ಡಾಲರ್, ಸೀ ಬಿಸ್ಕೆಟ್ ಎರಡನ್ನೂ ಒಂದೇ ಮನೆಯವರು ಅಂತ ಬಹಳ ಕಾಲ ಇಟ್ಟಿದ್ರು, ಎರಡಕ್ಕೂ ದವಡೆ ಐತೆ, ಎಸಳು ಐತೆ, ಒಳಗೆ ಕಂಬ ಐತೆ, ಯಾರಿಗೂ ಅನುಮಾನ ಬರಲಿಲ್ಲ. 2018ರಿಂದ ಈಚೆಗೆ ಡಿಎನ್ಎ ಓದಿದ ಮೇಲೆ ಕತೆ ಬೇರೆ ಆಯ್ತು. ಸ್ಯಾಂಡ್ ಡಾಲರ್‌ಗಳು ಎಕೈನೋಲಾಂಪಸ್ ಅನ್ನೋ ದವಡೆ ಇಲ್ಲದ ಬೇರೊಂದು ಗುಂಪಿನ ಅರ್ಚಿನ್‌ಗಳಿಗೆ ಹತ್ರ, ಸೀ ಬಿಸ್ಕೆಟ್ ಅವೆರಡಕ್ಕೂ ಸ್ವಲ್ಪ ದೂರದ ನೆಂಟ. ಅಂದ್ರೆ ದವಡೆಯನ್ನ ಎಕೈನೋಲಾಂಪಸ್ ಕಡೆಯೋರು ಆಮೇಲೆ ಕಳ್ಕೊಂಡಿರಬೇಕು, ಅವುಗಳ ಮರಿಗಳಲ್ಲಿ ಅದು ಈಗಲೂ ಸ್ವಲ್ಪ ದಿನ ಇದ್ದು ಹೋಗುತ್ತೆ. ಸಂಬಂಧ ಹುಡುಕೋವಾಗ ಮುಖ ನೋಡಿ ಹೇಳೋದಕ್ಕಿಂತ ಬೇರೆ ದಾರಿ ಇಲ್ಲದ ಕಾಲದಲ್ಲಿ ಅಗಾಸಿ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ.

ಕ್ಲಾಸಲ್ಲಿ ಇದೆಲ್ಲ ಆದ ಮೇಲೆ ಹುಡುಗ್ರನ್ನ ಮರಡಿಹಳ್ಳಿಗೆ ಕರ್ಕೊಂಡು ಹೋಗಿದ್ವಿ. ಚಿತ್ರದುರ್ಗದಿಂದ ಹಿರಿಯೂರು ಕಡೆ ಹೋಗುವಾಗ ಐಮಂಗಲದ ಹತ್ರ ಬರುತ್ತೆ, ಕೋಟೆ ನೋಡೋಕೆ ಬರೋರಲ್ಲಿ ನೂರಕ್ಕೆ ಒಬ್ರೂ ಅಲ್ಲಿಗೆ ಹೋಗಲ್ಲ. ಕುರುಚಲು ಗಿಡಗಳ ನಡುವೆ ಕಪ್ಪು ಹಸಿರು ಬಂಡೆ, ಅದರ ಮೇಲೆ ದಿಂಬು ಜೋಡಿಸಿಟ್ಟಂಗೆ ಉಬ್ಬು ಉಬ್ಬು, ಒಂದೊಂದರ ಸುತ್ತಲೂ ತೆಳು ಅಂಚು. ಪಿಲ್ಲೋ ಲಾವಾ. ಲಾವಾ ನೀರಿನೊಳಗೆ ಉಕ್ಕಿದಾಗ ಮಾತ್ರ ಈ ಆಕಾರ ಬರುತ್ತೆ, ಹೊರಗಿನ ಪದರ ತಣ್ಣಗಾಗಿ ಗಟ್ಟಿಯಾಗುತ್ತೆ, ಒಳಗಿನದು ಒಡ್ಕೊಂಡು ಪಕ್ಕಕ್ಕೆ ಉಬ್ಬುತ್ತೆ, ಅದೂ ಗಟ್ಟಿಯಾಗುತ್ತೆ. ಜಿಯಲಾಜಿಕಲ್ ಸರ್ವೆಯವರು ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡಿದಾರೆ. ಬಿಸಿಲಲ್ಲಿ ನಿಂತು ನೀರಿನ ಬಾಟಲಿಗೆ ಕಿತ್ತಾಡ್ತಿದ್ದ ಹುಡುಗ್ರಿಗೆ, ನೀವು ನಿಂತಿರೋದು ಸಮುದ್ರದ ತಳ ಅಂದ್ರೆ ನಗ್ತಾರೆ.

"ಹಂಗಾದ್ರೆ ಇಲ್ಲಿ ಅಗೆದ್ರೆ ಸ್ಯಾಂಡ್ ಡಾಲರ್ ಸಿಗ್ತಾವಾ ಮೇಡಂ?" ಅಂತ ಒಬ್ಬ ಕೇಳೇ ಕೇಳಿದ. ಸಿಗಲ್ಲ. ಸಮುದ್ರ ಇತ್ತು, ಅದರಲ್ಲಿ ಪ್ರಾಣಿ ಇರಲಿಲ್ಲ. ಈ ಲಾವಾ ಹರಿದಿದ್ದು ಸುಮಾರು 250 ಕೋಟಿ ವರ್ಷದ ಹಿಂದೆ. ಎಕೈನೋಡರ್ಮ್‌ಗಳು ಬಂದಿದ್ದೇ 52 ಕೋಟಿ ವರ್ಷದ ಆಸುಪಾಸು, ಸೀ ಅರ್ಚಿನ್ ಸುಮಾರು 45 ಕೋಟಿ, ಸ್ಯಾಂಡ್ ಡಾಲರ್‌ನ ವಂಶ ಡೈನೋಸಾರ್‌ಗಳ ಕೊನೇ ಕಾಲದಲ್ಲಿ ಬೇರೆಯಾಗಿರಬೇಕು ಅಂತ ಡಿಎನ್ಎ ಲೆಕ್ಕ ಹೇಳುತ್ತೆ, ಕಲ್ಲಲ್ಲಿ ಸಿಗೋದು ಡೈನೋಸಾರ್ ಹೋದ ಮೇಲೆಯೇ. ಇಲ್ಲಿ ಆಗ ಇದ್ದಿದ್ದು ಬರೀ ಸೂಕ್ಷ್ಮಜೀವಿಗಳು, ಅವು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಬೇಕಾದ್ರೆ ವಾಣಿವಿಲಾಸ ಸಾಗರದ ಕಡೆಯ ಸುಣ್ಣಕಲ್ಲಿನಲ್ಲಿ ಐತೆ. ಮರಳೊಳಗೆ ಬದುಕೋ ಅರ್ಚಿನ್‌ಗಳ ಪಳೆಯುಳಿಕೆ ನಮ್ಮ ದೇಶದಲ್ಲಿ ನೋಡಬೇಕು ಅಂದ್ರೆ ತಮಿಳುನಾಡಿನ ಅರಿಯಲೂರು, ಅಲ್ಲಿ ಕ್ರಿಟೇಷಿಯಸ್, ಅಂದ್ರೆ ಡೈನೋಸಾರ್‌ಗಳ ಕೊನೇ ಕಾಲದವು ಸಿಗ್ತವೆ, ಕ್ಲೈಪಿಯಾಸ್ಟರ್ ಬೇಕಂದ್ರೆ ಗುಜರಾತಿನ ಕಛ್. ಕೇಳಿದ ಹುಡುಗನ ಮುಖ ಸಪ್ಪಗಾಯ್ತು, ನಮ್ಮ ಜಿಲ್ಲೆ ಹಳೇದು ಅನ್ನೋದು ಅವನಿಗೆ ಸಮಾಧಾನ ಕೊಡಲಿಲ್ಲ.

ಸಮುದ್ರದ ಕಡೆ ಹೋಗೋರಿಗೆ ಇಷ್ಟು ಹೇಳಿಬಿಡ್ತೀನಿ. ಕಂದು ಬಣ್ಣ ಇದ್ದು ಮೈಮೇಲೆ ಮುಳ್ಳು ಆಡ್ತಾ ಇದ್ರೆ ಅದಕ್ಕೆ ಜೀವ ಐತೆ, ಫೋಟೋ ತೆಗೆದು ಮರಳಲ್ಲೇ ಬಿಟ್ಟು ಬನ್ನಿ, ಬಿಸಿಲಿಗಿಟ್ಟು ಒಣಗಿಸೋ ಕೆಲಸ ಬೇಡ. ಬೆಳ್ಳಗೆ ಬೋಳಾಗಿದ್ರೆ ಸತ್ತು ಬಹಳ ದಿನ ಆಗೈತೆ. ಅಂಗಡಿಲಿ ಫಳಫಳ ಬಿಳಿ ಇರೋದು ಕಂಡ್ರೆ ಬ್ಲೀಚಿಗೆ ಹಾಕಿರಬಹುದು, ಅದು ಜೀವ ಇರುವಾಗಲೇ ಹಿಡಿದಿದ್ದಾ ಅಂತ ಮಾರೋರು ಹೇಳೋದಿಲ್ಲ. ಲ್ಯಾಬಲ್ಲಿ ಇಟ್ಕೊಂಡೋರು ಆಸಿಡ್ ಬಾಟಲಿ ದೂರ ಇಡಿ, ಚಿಪ್ಪು ಪೂರ್ತಿ ಕ್ಯಾಲ್ಸೈಟ್, ಒಂದು ಹನಿ ಬಿದ್ರೆ ನೊರೆ ಎದ್ದು ಕರಗುತ್ತೆ.

ಎಸಳು, ಕಿಂಡಿ, ಬಾಯಿ ಎಲ್ಲ ಬಿಟ್ಟು ಬೇರೆ ಜಾಗದಲ್ಲಿ ಎಲ್ಲೋ ಒಂದೇ ಒಂದು ದುಂಡನೆ ತೂತು, ಅಂಚು ನೀಟಾಗಿ ಕೊರೆದಂಗೆ ಇದ್ರೆ ಅದು ಇದರದ್ದಲ್ಲ. ಹೆಲ್ಮೆಟ್ ಶೆಲ್ ಅನ್ನೋ ದೊಡ್ಡ ಸಮುದ್ರದ ಬಸವನಹುಳ ಐತೆ, ಸೀ ಬಿಸ್ಕೆಟ್, ಸ್ಯಾಂಡ್ ಡಾಲರ್ ಅಂದ್ರೆ ಅದಕ್ಕೆ ಪ್ರಾಣ, ಮೇಲೆ ಹತ್ತಿ ಕೂತು ಆಸಿಡ್ ಬಿಟ್ಟು ಚಿಪ್ಪು ಮೆತ್ತಗೆ ಮಾಡಿ, ಕೊರೆದು, ಸೊಂಡಿಲು ಒಳಗೆ ಹಾಕಿ ಇರೋದನ್ನೆಲ್ಲ ತಿಂದು ಹೋಗುತ್ತೆ. ಅದೇ ಥರದ ತೂತು ಕೋಟ್ಯಂತರ ವರ್ಷದ ಹಿಂದಿನ ಪಳೆಯುಳಿಕೆಗಳಲ್ಲೂ ಐತೆ.